ವೀಲ್‌ಚೇರ್‌ನಲ್ಲಿ ಕೂತವರಿಗೂ ಆಡಲು ಜಾಗ ಬೇಕು: ಕ್ರೀಡಾ ಇಲಾಖೆಗೊಂದು ಬಹಿರಂಗ ಪತ್ರ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮರದಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿಂದ ಕೆಳಗೆ ಈಗ ಸ್ಪರ್ಶವೂ ಇಲ್ಲ, ಶಕ್ತಿಯೂ ಇಲ್ಲ. ವೀಲ್‌ಚೇರ್‌ನಲ್ಲಿ ಓಡಾಡುತ್ತೇನೆ. ಪಿಂಚಣಿ, ಔಷಧಿ, ಮೀಸಲಾತಿ ಬಗ್ಗೆ ನಿಮಗೆ ಬರೆಯುವವರು ಇದ್ದಾರೆ, ಅವರು ಬರೆಯಲೇಬೇಕು. ನಾನು ಈ ಪತ್ರದಲ್ಲಿ ಕೇಳುವುದು ಒಂದೇ: ನಮ್ಮಂಥವರು ಆಡಲು ಪ್ರತಿ ಜಿಲ್ಲೆಯಲ್ಲೂ ಒಂದು ಜಾಗ, ಅಲ್ಲಿಗೆ ಹೋಗಿ ಬರಲು ಒಂದು ದಾರಿ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನಮಗೆ ತುಂಬಾ ವಿಷಯ ಹೇಳಿಕೊಡುತ್ತಾರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಹಾಕಿ ಮೂತ್ರ ತೆಗೆಯಬೇಕು. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೂತಾಗ ಆಗಾಗ ಕೈ ಊರಿ ಮೈ ಎತ್ತಬೇಕು, ಇಲ್ಲದಿದ್ದರೆ ಒತ್ತಿದ ಜಾಗದ ಚರ್ಮ ಹುಣ್ಣಾಗಿ ಬೆಡ್‌ಸೋರ್ ಆಗುತ್ತದೆ. ಆಮೇಲೆ ಊರಿಗೆ ಬಂದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಅರ್ಜಿ ಹಾಕಿ, ಆಧಾರ್ ಜೋಡಿಸಿ ಅಂತ ಹೇಳುವವರು ಸಿಗುತ್ತಾರೆ. ಇವೆಲ್ಲ ಬೇಕೇ ಬೇಕು. ಆದರೆ ‘ಮುಂಚೆ ನೀವು ಏನು ಆಡ್ತಿದ್ರಿ? ಈಗ ಏನು ಆಡೋಕೆ ಇಷ್ಟ?’ ಎಂದು ನನ್ನನ್ನು ಡಾಕ್ಟರೂ ಕೇಳಲಿಲ್ಲ, ಅಧಿಕಾರಿಯೂ ಕೇಳಲಿಲ್ಲ, ನೋಡಲು ಬಂದ ನೆಂಟರೂ ಕೇಳಲಿಲ್ಲ.

ಬೆನ್ನುಹುರಿಗೆ ಪೆಟ್ಟಾದವರು ಯಾರು ಅಂತ ಸ್ವಲ್ಪ ನೋಡಿ. ನಮ್ಮ ಕಡೆ ಅಡಿಕೆ, ತೆಂಗಿನ ಮರದಿಂದ ಬಿದ್ದವರು. ಬೈಕ್ ಅಪಘಾತ ಆದವರು. ಕಟ್ಟಡದ ಸಾರುವೆಯಿಂದ ಜಾರಿದ ಗಾರೆ ಕೆಲಸದವರು. ಆಳ ಗೊತ್ತಿಲ್ಲದ ಕೆರೆಗೆ ತಲೆ ಕೆಳಗಾಗಿ ಧುಮುಕಿದ ಹುಡುಗರು. ಹೆಚ್ಚಿನವರು ದುಡಿಯುವ ವಯಸ್ಸಿನವರು. ಬಿದ್ದ ಹಿಂದಿನ ದಿನದವರೆಗೂ ಮೈ ಬಗ್ಗಿಸಿ ಬೆವರು ಹರಿಸಿದವರು. ಅವರಲ್ಲಿ ಬಹಳ ಜನ ಆಟಗಾರರು. ನಮ್ಮ ಊರಿನಲ್ಲಿ ಸಂಜೆಯಾದರೆ ಶಾಲೆ ಮೈದಾನದಲ್ಲಿ ವಾಲಿಬಾಲ್ ನೆಟ್ ಕಟ್ಟುತ್ತಾರೆ. ತೋಟದ ಕೆಲಸ ಮುಗಿಸಿ, ಟೀ ಕುಡಿದು ಬಂದವರು ಕತ್ತಲಾಗುವವರೆಗೂ ಆಡುತ್ತಾರೆ. ಗಣಪತಿ ಹಬ್ಬಕ್ಕೋ ಜಾತ್ರೆಗೋ ಹೊನಲು ಬೆಳಕಿನ ಪಂದ್ಯಾವಳಿ ಇರುತ್ತದೆ. ನಾನು ಅಲ್ಲಿ ಸೆಂಟರ್‌ನಲ್ಲಿ ನಿಂತು ಪಾಸ್ ಕೊಡುತ್ತಿದ್ದೆ.

ಪೆಟ್ಟಾದ ಮೇಲೆ ಮೈಯಷ್ಟೇ ಬದಲಾಗುವುದಿಲ್ಲ, ದಿನವೂ ಬದಲಾಗುತ್ತದೆ. ಬೆಳಿಗ್ಗೆ ಕ್ಯಾತಿಟರ್, ಮಲವಿಸರ್ಜನೆ, ಸ್ನಾನ, ಬಟ್ಟೆ ಅಂತ ಅರ್ಧ ಹೊತ್ತು ಹೋಗುತ್ತದೆ. ಅಲ್ಲಿಂದ ಮುಂದೆ ರಾತ್ರಿಯವರೆಗೆ ಟಿವಿ, ಮೊಬೈಲು, ಕಿಟಕಿ. ಗೆಳೆಯರು ಮೊದಲು ದಿನಾ ಬರುತ್ತಾರೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ಅವರದ್ದು ತಪ್ಪಲ್ಲ. ನಮ್ಮ ನಡುವೆ ಇದ್ದದ್ದೇ ಆಟ. ಅದು ನಿಂತ ಮೇಲೆ ಮಾತಿಗೂ ವಿಷಯ ಇರುವುದಿಲ್ಲ. ‘ಹೇಗಿದ್ದೀಯಾ’, ‘ಊಟ ಆಯ್ತಾ’, ‘ಏನಾದ್ರೂ ಸುಧಾರಣೆ ಇದೆಯಾ’ ಇಷ್ಟೇ. ಎಷ್ಟೋ ಮನೆಗಳಲ್ಲಿ ಗಟ್ಟಿಮುಟ್ಟಾದ ತೋಳಿನ ಹುಡುಗರು ಹೀಗೇ ಮಂಚದ ಮೇಲೆ ಕರಗಿ ಹೋಗುತ್ತಿದ್ದಾರೆ. ಅವರಿಗೆ ಕಾಯಿಲೆ ಇಲ್ಲ. ಹೋಗಲು ಜಾಗ ಇಲ್ಲ.

ನನಗೆ ದಾರಿ ಸಿಕ್ಕಿದ್ದು ಒಂದು ಪುನರ್ವಸತಿ ಶಿಬಿರದಲ್ಲಿ. ಕೊನೆಯ ದಿನ ಸಂಜೆ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡುವ ಕೆಲವರು ಬಂದಿದ್ದರು. ಆಟದ ವೀಲ್‌ಚೇರನ್ನು ನಾನು ನೋಡಿದ್ದು ಅದೇ ಮೊದಲು. ಅದರ ಎರಡು ದೊಡ್ಡ ಚಕ್ರಗಳು ಮೇಲೆ ಒಳಕ್ಕೆ ಬಾಗಿ ಕೆಳಗೆ ಅಗಲವಾಗಿ ನೆಲ ಹಿಡಿದಿರುತ್ತವೆ, ಕಾಲು ಅಗಲಿಸಿ ನಿಂತ ಕಬಡ್ಡಿ ಆಟಗಾರನ ಹಾಗೆ. ಅದಕ್ಕೇ ಎಷ್ಟು ಜೋರಾಗಿ ತಿರುಗಿದರೂ ಸುಲಭಕ್ಕೆ ಪಕ್ಕಕ್ಕೆ ಮಗುಚುವುದಿಲ್ಲ. ಮುಂದೆ ಪಾದದ ಎದುರು ಒಂದು ಕಂಬಿ, ಡಿಕ್ಕಿ ತಡೆಯಲು. ಹಿಂದೆ ನೆಲಕ್ಕೆ ತಾಗುವಷ್ಟು ಹತ್ತಿರದಲ್ಲಿ ಪುಟ್ಟ ಚಕ್ರ, ಹಿಂದಕ್ಕೆ ಬೀಳಬಾರದು ಅಂತ. ಸೊಂಟಕ್ಕೆ, ತೊಡೆಗೆ, ಪಾದಕ್ಕೆ ಬೆಲ್ಟ್. ಬೆನ್ನ ಹಿಂದೆ ತಳ್ಳುವ ಹಿಡಿಕೆ ಇಲ್ಲವೇ ಇಲ್ಲ. ನಮಗೆ ಸರ್ಕಾರದಿಂದ, ಸಂಘಗಳಿಂದ ಸಿಗುವ ಮಡಚುವ ವೀಲ್‌ಚೇರ್ ಇನ್ನೊಬ್ಬರು ತಳ್ಳಲಿ ಅಂತ ಮಾಡಿದ್ದು. ಇದು ಕೂತವನೇ ಓಡಿಸಲಿ ಅಂತ ಮಾಡಿದ್ದು. ಒಂದು ಸಲ ಕೈ ಬೀಸಿ ತಳ್ಳಿದೆ. ಅರ್ಧ ಅಂಗಳ ದಾಟಿ ಹೋಯಿತು.

ಸ್ವಲ್ಪ ಹೊತ್ತಿಗೆ ಬಿದ್ದೆ. ಚೆಂಡಿಗೆ ಕೈ ಚಾಚಿದಾಗ ಇನ್ನೊಬ್ಬರ ಚೇರ್ ಬಂದು ಗುದ್ದಿತು, ಚೇರ್ ಸಮೇತ ಮಗುಚಿದೆ. ನನ್ನ ಹೆಂಡತಿ ಕೂಗಿಕೊಂಡು ಓಡಿ ಬಂದಳು. ಆಡಿಸುತ್ತಿದ್ದವರು ತಾವೂ ವೀಲ್‌ಚೇರ್‌ನಲ್ಲಿದ್ದವರು. ‘ಅಕ್ಕಾ, ಒಂದು ನಿಮಿಷ ನಿಲ್ಲಿ, ಅವರೇ ಏಳ್ತಾರೆ’ ಎಂದರು. ನನ್ನ ಕಡೆ ತಿರುಗಿ, ‘ಅಣ್ಣಾ, ಬೆಲ್ಟ್ ಬಿಚ್ಚಬೇಡಿ. ಒಂದು ಕೈ ನೆಲಕ್ಕೆ ಊರಿ. ಇನ್ನೊಂದರಲ್ಲಿ ಮೇಲಿರೋ ಚಕ್ರ ಬಿಗಿಯಾಗಿ ಹಿಡೀರಿ. ಈಗ ನೆಲವನ್ನ ತಳ್ಳಿ’ ಎಂದರು. ಮೊದಲ ಸಲ ಆಗಲಿಲ್ಲ. ಆಮೇಲೆ ಆಯಿತು. ಮರದಿಂದ ಬಿದ್ದ ಮೇಲೆ ನಾನು ಮತ್ತೆ ಬೀಳದ ಹಾಗೆ ಇಡೀ ಮನೆ ಕಾಯುತ್ತಿತ್ತು. ಬಿದ್ದರೆ ಏಳುವುದು ಹೇಗೆ ಅಂತ ಹೇಳಿಕೊಟ್ಟವರು ಅವರು. ಆ ಸಂಜೆ ಮನೆಗೆ ಬರುವಾಗ ನನ್ನ ಹೆಂಡತಿ ಕಾರಿನಲ್ಲಿ ಜಾಸ್ತಿ ಮಾತಾಡಲಿಲ್ಲ. ಆದರೆ ಮುಂದಿನ ತಿಂಗಳು ಆಟ ಎಲ್ಲಿದೆ ಅಂತ ವಿಚಾರಿಸಿ, ನಂಬರ್ ಬರೆದುಕೊಂಡು ಬಂದವಳೂ ಅವಳೇ.

ಆಟದಿಂದ ಏನು ಸಿಕ್ಕಿತು ಅಂತ ಕೇಳಿದರೆ ಹೀಗೆ ಹೇಳುತ್ತೇನೆ. ಮಂಚದಿಂದ ಚೇರ್‌ಗೆ, ಚೇರ್‌ನಿಂದ ಆಟೋಗೆ ನಾನೇ ದಾಟುತ್ತೇನೆ. ನನ್ನನ್ನು ಎತ್ತಿ ಎತ್ತಿ ನೊಂದ ತಮ್ಮನ ಬೆನ್ನಿಗೆ ಬಿಡುವು ಸಿಕ್ಕಿದೆ. ರಾತ್ರಿ ನಿದ್ದೆ ಬರುತ್ತದೆ. ಇವೆಲ್ಲಕ್ಕಿಂತ ಮುಖ್ಯ, ಭಾನುವಾರಕ್ಕಾಗಿ ಕಾಯುವುದು ಮತ್ತೆ ಶುರುವಾಗಿದೆ.

ಆಟ ಅಂದರೆ ಚಿಕಿತ್ಸೆ ಮುಗಿದ ಮೇಲೆ ಸಮಯ ಇದ್ದರೆ ಕೊಡುವ ಮನರಂಜನೆ ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿದರೆ, ಅದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಲುಡ್ವಿಗ್ ಗುಟ್‌ಮನ್ ಎಂಬ ನರರೋಗ ತಜ್ಞ ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದವರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗ ಅವರ ಕೈಗೆ ಬಂತು. ಆ ಕಾಲದಲ್ಲಿ ಇಂಥ ಪೆಟ್ಟಾದವರು ಹೆಚ್ಚು ವರ್ಷ ಬದುಕುವುದಿಲ್ಲ ಎಂದೇ ಲೆಕ್ಕ. ಬೆಡ್‌ಸೋರ್ ಕೀವಾಗಿ, ಮೂತ್ರದ ಸೋಂಕು ಏರಿ ಸಾಯುತ್ತಿದ್ದರು. ಗುಟ್‌ಮನ್ ಮಗ್ಗುಲು ಬದಲಿಸುವ ಶಿಸ್ತು ತಂದರು, ಸೋಂಕು ತಡೆದರು, ಅದರ ಜೊತೆಗೇ ಆಟ ತಂದರು. ಮೊದಲು ವೀಲ್‌ಚೇರ್‌ನಲ್ಲೇ ಪೋಲೊ, ಆಮೇಲೆ ಬಾಸ್ಕೆಟ್‌ಬಾಲ್, ಬಿಲ್ಲುಗಾರಿಕೆ. ಅವರ ಆಸ್ಪತ್ರೆಯಲ್ಲಿ ಆಟ ದಿನಚರಿಯ ಭಾಗ. 1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಶುರುವಾಯಿತು. ಅದೇ ದಿನ ಆ ಆಸ್ಪತ್ರೆಯ ಹುಲ್ಲಿನ ಮೇಲೆ 14 ಗಂಡಸರು, ಇಬ್ಬರು ಹೆಂಗಸರು ವೀಲ್‌ಚೇರ್‌ನಲ್ಲಿ ಕೂತು ಬಾಣ ಬಿಟ್ಟರು. 1960ರಲ್ಲಿ ರೋಮ್‌ನಲ್ಲಿ ಅದು 23 ದೇಶಗಳ ಸುಮಾರು 400 ಆಟಗಾರರ ಕೂಟವಾಯಿತು. ಇವತ್ತು ನಾವು ಪ್ಯಾರಾಲಿಂಪಿಕ್ಸ್ ಅನ್ನುವುದು ಹುಟ್ಟಿದ್ದು ಬೆನ್ನುಹುರಿ ವಾರ್ಡಿನಲ್ಲಿ.

ನಮ್ಮ ದೇಶದಲ್ಲೂ ದಾರಿ ಹಾಗೇ ಶುರುವಾಯಿತು. ಮುರಳೀಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡು ತಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಅವನಿ ಲೆಖರಾ ಚಿಕ್ಕ ಹುಡುಗಿಯಾಗಿದ್ದಾಗ 2012ರಲ್ಲಿ ಕಾರು ಅಪಘಾತವಾಯಿತು. ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ರೈಫಲ್ ಶೂಟಿಂಗ್‌ನಲ್ಲಿ ಚಿನ್ನ ತಂದರು. ಬೆಂಗಳೂರಿನ ನಿರಂಜನ್ ಮುಕುಂದನ್‌ಗೆ ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ. ಚಿಕಿತ್ಸೆಗೆ ಅಂತ ನೀರಿಗಿಳಿಸಿದ ಹುಡುಗ ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಈಜಿದ.

ಇವರೆಲ್ಲರ ನಡುವೆ ನನ್ನ ಮನಸ್ಸು ಹಿಡಿದದ್ದು ಕ್ಲಬ್ ಥ್ರೋ ಆಡುವ ಧರಂಬೀರ್ ಮತ್ತು ಪ್ರಣವ್ ಸೂರ್ಮಾ. ಧರಂಬೀರ್ ಸೋನಿಪತ್‌ನ ಹುಡುಗ, ಕಾಲುವೆಗೆ ಧುಮುಕಿದಾಗ ಪೆಟ್ಟಾಯಿತು. ಪ್ರಣವ್ ತಲೆ ಮೇಲೆ ಸಿಮೆಂಟ್ ಶೀಟ್ ಬಿತ್ತು. ಇಬ್ಬರೂ ಆಡುವುದು ಎಫ್51 ವಿಭಾಗದಲ್ಲಿ. ಅಂದರೆ ಕಾಲು, ಸೊಂಟ ಮಾತ್ರ ಅಲ್ಲ, ಕೈಬೆರಳಿನ ಹಿಡಿತವೂ ಇಲ್ಲದವರ ವಿಭಾಗ. 400 ಗ್ರಾಂ ಹತ್ತಿರ ತೂಗುವ, ಪುಟ್ಟ ದೊಣ್ಣೆಯಂಥ ಮರದ ಕ್ಲಬ್ಬನ್ನು ಬೆರಳಿಗೆ ಸಿಕ್ಕಿಸಿಕೊಂಡು ಎಸೆಯಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ ಧರಂಬೀರ್ 34.92 ಮೀಟರ್ ಎಸೆದು ಚಿನ್ನ ಗೆದ್ದರು, ಪ್ರಣವ್ ಬೆಳ್ಳಿ. ಧರಂಬೀರ್‌ಗೆ ಗುರು ಅಮಿತ್ ಸರೋಹಾ. ಅವರೂ ಹಾಕಿ ಆಡುತ್ತಿದ್ದು, ಅಪಘಾತದಲ್ಲಿ ಪೆಟ್ಟಾಗಿ, ವೀಲ್‌ಚೇರ್‌ಗೆ ಬಂದು, ಮತ್ತೆ ಆಟಕ್ಕೆ ಬಂದವರು. ಒಬ್ಬ ಆಡಿದ್ದರಿಂದ ಇನ್ನೊಬ್ಬನಿಗೆ ಆಡಬಹುದು ಅಂತ ಗೊತ್ತಾಯಿತು. ನಮ್ಮ ಜಿಲ್ಲೆಗಳಲ್ಲಿ ಕೊರತೆ ಇರುವುದು ಇದರದ್ದೇ. ಕುತ್ತಿಗೆಗೆ ಪೆಟ್ಟಾದ ಹುಡುಗ ಇನ್ನೊಬ್ಬ ಅಂಥವನು ಆಡುವುದನ್ನು ಕಣ್ಣಾರೆ ನೋಡಲು ಒಂದು ಜಾಗವೇ ಇಲ್ಲ.

ಪದಕ ಗೆದ್ದು ಬಂದವರಿಗೆ ಸರ್ಕಾರ ಸನ್ಮಾನ ಮಾಡುತ್ತದೆ, ನಗದು ಬಹುಮಾನ ಕೊಡುತ್ತದೆ. ನಮಗೆಲ್ಲ ಅದು ಖುಷಿಯ ವಿಷಯ. ಆದರೆ ನಮ್ಮಲ್ಲಿ ಬಹುತೇಕರು ಪದಕದ ಹತ್ತಿರವೂ ಹೋಗುವವರಲ್ಲ. ನಡೆದಾಡುವವರಲ್ಲಿ ಸಂಜೆ ಕ್ರಿಕೆಟ್ ಆಡುವ ಎಲ್ಲರೂ ಭಾರತ ತಂಡಕ್ಕೆ ಆಡುತ್ತಾರಾ? ಸುಮ್ನೆ ಆಡುತ್ತಾರೆ, ಅಲ್ವಾ? ನಮಗೂ ಹಾಗೆ ಸುಮ್ನೆ ಆಡಬೇಕು. ಸೋತು ಬೈಸಿಕೊಂಡು, ಗೆದ್ದು ಕೂಗಾಡಿ, ಬೆವರೊರೆಸಿಕೊಂಡು ಮನೆಗೆ ಬರಬೇಕು. ವೀಲ್‌ಚೇರ್‌ನಲ್ಲಿ ಕೂತವನು ಆಡಿದರೆ ಅದು ಸಾಧನೆಯೇ ಆಗಿರಬೇಕು, ಪತ್ರಿಕೆಯಲ್ಲಿ ಬರಬೇಕು ಅನ್ನುವ ಭಾರ ನಮ್ಮ ಮೇಲೆ ಬೇಡ.

ಯಾವ ಪೆಟ್ಟಿಗೆ ಯಾವ ಆಟ ಅನ್ನುವುದು ಕಷ್ಟದ ಲೆಕ್ಕವಲ್ಲ. ಕುತ್ತಿಗೆ ಮಟ್ಟದಲ್ಲಿ ಪೆಟ್ಟಾಗಿ ಕೈಯೂ ದುರ್ಬಲವಾದವರಿಗೆ ಬೋಚಾ ಇದೆ. ಆರು ಕೆಂಪು, ಆರು ನೀಲಿ, ಒಂದು ಬಿಳಿ ಚೆಂಡು, ನುಣುಪಾದ ನೆಲ, ಇಷ್ಟೇ ಬೇಕು. ಬಿಳಿ ಚೆಂಡಿನ ಹತ್ತಿರ ಯಾರದ್ದು ನಿಲ್ಲುತ್ತದೆ ಅನ್ನುವುದೇ ಆಟ. ಕೈಯಲ್ಲಿ ಸ್ವಲ್ಪ ಶಕ್ತಿ ಉಳಿದವರಿಗೆ ವೀಲ್‌ಚೇರ್ ರಗ್ಬಿ. 1977ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಇಂಥವರೇ ಸೇರಿ ಹುಟ್ಟುಹಾಕಿದ ಆಟ ಅದು, ವಾಲಿಬಾಲ್ ಚೆಂಡಿನಂಥದೇ ಚೆಂಡಿನಲ್ಲಿ ಆಡುತ್ತಾರೆ. ಎದೆ ಮಟ್ಟದ ಪೆಟ್ಟಿಗೆ ಟೇಬಲ್ ಟೆನಿಸ್, ಬಿಲ್ಲುಗಾರಿಕೆ, ಶೂಟಿಂಗ್, ಈಜು. ಟೆನಿಸ್ ಆಡುವವರಿಗೆ ಚೆಂಡು ಎರಡು ಸಲ ಪುಟಿಯುವವರೆಗೆ ಬಿಡುವು ಇದೆ, ಬೇರೆ ನಿಯಮ ಹೆಚ್ಚುಕಡಿಮೆ ಅದೇ. ಬ್ಯಾಡ್ಮಿಂಟನ್ ಸಿಂಗಲ್ಸ್ ಅಂಗಳದ ಅರ್ಧ ಅಗಲದಲ್ಲಿ ನಡೆಯುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿ ಎಲ್ಲರಿಗೂ ಇರುವ ಹತ್ತು ಅಡಿ ಎತ್ತರದಲ್ಲೇ. ಆದರೆ ಒಬ್ಬೊಬ್ಬರ ಶಕ್ತಿ ನೋಡಿ 1ರಿಂದ 4.5ರವರೆಗೆ ಅಂಕ ಕೊಟ್ಟಿರುತ್ತಾರೆ. ಅಂಗಳದಲ್ಲಿರುವ ಐವರ ಮೊತ್ತ 14 ದಾಟಬಾರದು. ಅದರಿಂದ ತುಂಬಾ ಪೆಟ್ಟಾದವನಿಗೂ ತಂಡದಲ್ಲಿ ಜಾಗ ಗ್ಯಾರಂಟಿ. ಈ ಒಂದು ನಿಯಮ ನನಗೆ ತುಂಬಾ ಇಷ್ಟ. ಬಲ ಕಡಿಮೆ ಇದ್ದವನಿಲ್ಲದೆ ತಂಡ ಆಗುವುದೇ ಇಲ್ಲ.

ಎಲ್ಲರಿಗೂ ಚೆಂಡೇ ಬೇಕು ಅಂತಲೂ ಇಲ್ಲ. ನಮ್ಮ ಕಡೆ ತಾಳಮದ್ದಳೆ ಇದೆ. ಅರ್ಥಧಾರಿಗಳೆಲ್ಲ ಕೂತೇ ಮಾತಾಡುವ ಕಲೆ. ಕೂತವನ ಕಾಲು ಹೇಗಿದೆ ಅಂತ ಅಲ್ಲಿ ಯಾರೂ ಕೇಳಬೇಕಾಗಿಲ್ಲ, ಕೃಷ್ಣನ ಮಾತಿಗೆ ಕೌರವ ಏನು ಉತ್ತರ ಕೊಡುತ್ತಾನೆ ಅನ್ನುವುದಷ್ಟೇ ಮುಖ್ಯ. ಆದರೆ ಕೂಟ ನಡೆಯುವ ಸಭಾಭವನಕ್ಕೆ ಐದಾರು ಮೆಟ್ಟಿಲು. ಗ್ರಂಥಾಲಯಕ್ಕೆ ಮೆಟ್ಟಿಲು. ತೇರು ನೋಡಲು ಜಾಗ ಇದ್ದರೂ ಹೋಗುವ ದಾರಿಯಲ್ಲಿ ಚರಂಡಿ. ಕಡಲು ನೋಡಬೇಕು ಅಂದರೆ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಚೆನ್ನೈನ ಮರೀನಾದಲ್ಲಿ 2022ರಲ್ಲಿ ಅಲೆಗಳ ಹತ್ತಿರದವರೆಗೆ ವೀಲ್‌ಚೇರ್ ಹೋಗುವ ಮರದ ಹಾದಿ ಹಾಕಿದರು. ಚಂಡಮಾರುತಕ್ಕೆ ಹಾಳಾಯಿತು, ಮತ್ತೆ ಸರಿ ಮಾಡಿದರು. ನಮ್ಮ ಪಡುಬಿದ್ರಿ, ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಸ್ವಚ್ಛತೆ, ಸುರಕ್ಷತೆಯ ಜೊತೆಗೆ ವಿಕಲಚೇತನರ ಅನುಕೂಲವನ್ನೂ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಕರಾವಳಿಯ ಉಳಿದ ತೀರಗಳಲ್ಲೂ ಕೆಲವು ಕಡೆ ಅಂಥ ಹಾದಿ ಹಾಕುವುದು ದೊಡ್ಡ ಖರ್ಚಲ್ಲ.

ಇದೆಲ್ಲ ದಯೆಯ ಮಾತಲ್ಲ ಅಂತ ನಿಮಗೂ ಗೊತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಗೆ ಸೇರಿದ್ದು. ಕಲೆ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಯವರೆಗೂ ಅದರಲ್ಲಿ ಹೆಸರಿಸಿದ್ದಾರೆ. 30ನೇ ಸೆಕ್ಷನ್ ಪೂರ್ತಿ ಕ್ರೀಡೆಗೇ ಮೀಸಲು. ಆಟದ ಸೌಲಭ್ಯಗಳನ್ನು ನಮಗೆ ಹೊಂದುವಂತೆ ಬದಲಿಸಬೇಕು ಎಂದು ಅದು ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಎಂದು 45ನೇ ಸೆಕ್ಷನ್ ಹೇಳಿತು. ನಿಯಮ ಬಂದದ್ದು 2017ರಲ್ಲಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯವಾಗಬೇಕು ಎಂದಿತು.

ಈಗ ಒಂದು ಕ್ರೀಡಾಂಗಣದ ಕತೆ ಹೇಳುತ್ತೇನೆ. ಯಾವುದು ಅಂತ ಹೆಸರಿಸುವುದಿಲ್ಲ. ಇಳಿಜಾರು ಮಾಡಿದ್ದರು. ಆದರೆ ಅದರ ಬುಡದಲ್ಲಿ ಬೈಕ್ ಒಳಗೆ ಬರಬಾರದು ಅಂತ ಕಬ್ಬಿಣದ ಕಂಬ ನೆಟ್ಟಿದ್ದರು, ಚೇರ್ ನುಗ್ಗುವುದಿಲ್ಲ. ಇಬ್ಬರು ಹುಡುಗರು ಎತ್ತಿ ದಾಟಿಸಿದರು. ವಿಕಲಚೇತನರ ಶೌಚಾಲಯ ಅಂತ ಬೋರ್ಡ್ ಇತ್ತು, ಬೀಗ ಹಾಕಿತ್ತು. ಬೀಗ ತೆಗೆಸಿದರೆ ಒಳಗೆ ಹರ್ಡಲ್ಸ್, ಹರಿದ ನೆಟ್, ಸುಣ್ಣದ ಚೀಲ. ನಮಗೆ ಶೌಚಾಲಯ ಅಂದರೆ ಬರೀ ಅನುಕೂಲವಲ್ಲ. ಹೊತ್ತಿಗೆ ಸರಿಯಾಗಿ ಕ್ಯಾತಿಟರ್ ಹಾಕದಿದ್ದರೆ ಜ್ವರ, ಕಿಡ್ನಿ ತೊಂದರೆ. ಆದ್ದರಿಂದ ಶೌಚಾಲಯ ಇಲ್ಲದ ಕಡೆ ನಮಗೆ ಆಟವೂ ಇಲ್ಲ. ಒಳಾಂಗಣದಲ್ಲಿ ಆಡುತ್ತೇವೆ ಎಂದಾಗ, ಮರದ ನೆಲಕ್ಕೆ ಚಕ್ರದ ಗುರುತು ಬೀಳುತ್ತದೆ ಎಂದು ಬೇಡ ಎಂದರು. ಗುರುತು ಬೀಳದ ಟೈರುಗಳು ಇವೆ, ಆಟದ ಚೇರ್‌ಗಳಿಗೆ ಹಾಕುವುದೂ ಅವನ್ನೇ. ಹೇಳಿದೆವು. ‘ಮೇಲಿನವರನ್ನ ಕೇಳಿ ಹೇಳ್ತೀವಿ’ ಎಂದರು. ಅಲ್ಲಿಯ ಸಿಬ್ಬಂದಿ ಕೆಟ್ಟವರಲ್ಲ. ನೀರು ಕೊಟ್ಟರು, ನೆರಳಿಗೆ ಕೂರಿಸಿದರು. ನಾವು ಆಡಲು ಬರಬಹುದು ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ ಅಷ್ಟೇ.

ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಕ್ಕೆ ನೀವು ಆಟೋಟ ಸ್ಪರ್ಧೆ ನಡೆಸುತ್ತೀರಿ. ನಾವು ಬರುತ್ತೇವೆ, ಎಷ್ಟೋ ಗೆಳೆಯರು ಸಿಗುವುದು ಅಲ್ಲೇ. ಆದರೆ ವರ್ಷಕ್ಕೆ ಒಂದು ದಿನ ಆಡಿದರೆ ಮೈಗೂ ಅಭ್ಯಾಸವಾಗುವುದಿಲ್ಲ, ಮನಸ್ಸಿಗೂ ಆಗುವುದಿಲ್ಲ. ಭುಜ ನೋಯಿಸಿಕೊಂಡು ಮನೆಗೆ ಹೋಗುತ್ತೇವೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಶಿಬಿರಗಳಲ್ಲಿ ಕಾಣುವವರಲ್ಲಿ ಗಂಡಸರೇ ಜಾಸ್ತಿ. ಹೆಂಗಸರು ಇಲ್ಲವೆಂದಲ್ಲ, ಹೊರಗೆ ಬರುವುದಿಲ್ಲ. ಬಾವಿಕಟ್ಟೆಯಿಂದ ಜಾರಿ ಬಿದ್ದು ಪೆಟ್ಟಾದ ಒಬ್ಬ ತಂಗಿಯ ಪರಿಚಯ ನನಗಿದೆ. ಒಂದು ಸಲ ಟೇಬಲ್ ಟೆನಿಸ್ ಆಡಿ ನೋಡಿದವಳು, ‘ಅಣ್ಣಾ, ಎಷ್ಟು ಹೊತ್ತಾಯ್ತು ಅಂತಾನೇ ಗೊತ್ತಾಗಲಿಲ್ಲ’ ಎಂದಳು. ಮತ್ತೆ ಬರಲಿಲ್ಲ. ಬಟ್ಟೆ ಬದಲಿಸಲು, ಕ್ಯಾತಿಟರ್ ಹಾಕಿಕೊಳ್ಳಲು ಬಾಗಿಲು ಇರುವ ಒಂದು ಕೋಣೆ ಅಲ್ಲಿರಲಿಲ್ಲ. ಎದೆಯಿಂದ ಕೆಳಗೆ ಸ್ವಾಧೀನವಿಲ್ಲದ ದೀಪಾ ಮಲಿಕ್ 2016ರಲ್ಲಿ ರಿಯೊದಲ್ಲಿ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದರು ಎಂದು ಅವಳಿಗೆ ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ಒಂದು ಬಾಗಿಲು, ಒಂದು ಚಿಲಕ.

ಇನ್ನು ಕೋಚ್‌ಗಳು ತಿಳಿದಿರಬೇಕಾದ ಕೆಲವು ವಿಷಯ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಅದರ ಕೆಳಗೆ ಬೆವರು ಬರುವುದಿಲ್ಲ. ಮೈ ಬಿಸಿಯೇರಿದರೆ ಇಳಿಯುವುದಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಅವರನ್ನು ಆಡಿಸಬಾರದು, ನೆರಳು ಬೇಕು, ಒದ್ದೆ ಬಟ್ಟೆ ಬೇಕು. ಎದೆ ಭಾಗದ ಬೆನ್ನುಹುರಿಯ ಆರನೇ ಮಟ್ಟ (ಟಿ6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಚೀಲ ತುಂಬಿದರೆ, ಬೆಲ್ಟ್ ಬಿಗಿಯಾಗಿ ಒತ್ತಿದರೆ, ಗೊತ್ತಾಗದ ಗಾಯವಾದರೆ ರಕ್ತದೊತ್ತಡ ಹಠಾತ್ತನೆ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ಆಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬೆಲ್ಟ್ ಸಡಿಲಿಸಿ, ಕ್ಯಾತಿಟರ್ ನೋಡಿ, ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಆಟ ಮುಗಿದ ಮೇಲೆ ಕುಳಿತ ಜಾಗದ ಚರ್ಮ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಇದನ್ನೆಲ್ಲ ದೈಹಿಕ ಶಿಕ್ಷಕರಿಗೆ ಒಂದು ದಿನದ ತರಬೇತಿಯಲ್ಲಿ ಹೇಳಿಕೊಡಬಹುದು. ಹೇಳಿಕೊಡಲು ನಾವೇ ಬರುತ್ತೇವೆ.

ಹಾಗಾದರೆ ಏನು ಮಾಡಬಹುದು? ನಾನು ಹೊಸ ಕ್ರೀಡಾಂಗಣ ಕೇಳುತ್ತಿಲ್ಲ. ಇರುವ ಜಿಲ್ಲಾ ಕ್ರೀಡಾಂಗಣದಲ್ಲಿ ವಾರಕ್ಕೆ ಎರಡು ಸಂಜೆ ಒಳಾಂಗಣವನ್ನು ನಮಗೆ ಗೊತ್ತುಮಾಡಿ ಕೊಡಿ. ಗೇಟಿನ ಕಂಬ ತೆಗೆಸಿ, ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇರಲಿ, ಶೌಚಾಲಯದ ಬೀಗದ ಕೈ ಕಾವಲುಗಾರರ ಕೈಯಲ್ಲೇ ಇರಲಿ. ಆಟದ ವೀಲ್‌ಚೇರ್ ವಿದೇಶದ್ದಾದರೆ ಲಕ್ಷಗಟ್ಟಲೆ ಬೆಲೆ. ಒಬ್ಬೊಬ್ಬರೂ ಕೊಳ್ಳುವುದು ಆಗದ ಮಾತು. ಜಿಲ್ಲೆಗೆ ಹತ್ತು ಚೇರ್ ಇದ್ದರೆ ಎರಡು ತಂಡ ಆಡುತ್ತವೆ. ಬಂದವರು ಬಳಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅಷ್ಟೂ ಒಂದೇ ಸಲ ಆಗದಿದ್ದರೆ ಬೋಚಾ, ಟೇಬಲ್ ಟೆನಿಸ್‌ನಿಂದ ಶುರು ಮಾಡಿ. ಅದಕ್ಕೆ ನಮ್ಮ ದಿನನಿತ್ಯದ ಚೇರ್ ಸಾಕು.

ಕಷ್ಟ ಜಾಸ್ತಿ ಇರುವುದು ಪ್ರಯಾಣದಲ್ಲಿ. ಬಸ್ಸಿಗೆ ರಿಯಾಯಿತಿ ಪಾಸ್ ಇದೆ, ಬಸ್ ಹತ್ತಲು ದಾರಿ ಇಲ್ಲ. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಕಾರು ಮಾಡಿಕೊಂಡು ಬಂದರೆ ಒಂದು ದಿನದ ಕೂಲಿಗಿಂತ ಎಷ್ಟೋ ಹೆಚ್ಚು ಖರ್ಚು. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಶೇ 5ರ ಹಣ ತೆಗೆದಿಡಬೇಕು ಅಂತ ಇದೆ. ಅದರಲ್ಲಿ ಆಟಕ್ಕೆ ಹೋಗಿ ಬರುವ ಖರ್ಚನ್ನೂ ಸೇರಿಸಬಹುದು ಎಂದು ನೀವು ಒಂದು ಸುತ್ತೋಲೆ ಹೊರಡಿಸಿ. ನಾಲ್ಕು ಊರಿನವರು ಸೇರಿ ಒಂದು ಗಾಡಿಯಲ್ಲಿ ಬರುತ್ತೇವೆ.

ಮನೆಮನೆಗೆ ಹೋಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಮಗೆ ಬಹಳ ಹತ್ತಿರದವರು. ಪಿಂಚಣಿ ನಿಂತರೆ ನಾವು ಫೋನ್ ಮಾಡುವುದು ಅವರಿಗೇ. ಅವರ ಫಾರಂನಲ್ಲಿ ಒಂದು ಸಾಲು ಸೇರಿಸಿ: ‘ಯಾವ ಆಟ, ಯಾವ ಹವ್ಯಾಸ?’ ಒಂದು ತಾಲ್ಲೂಕಿನಲ್ಲಿ ಯಾರು ಯಾರು ಆಡಲು ತಯಾರಿದ್ದಾರೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಕೆಲಸ ಮಾಡುತ್ತಿರುವ ಸಂಸ್ಥೆಗಳ ಅನುಭವವನ್ನೂ ಬಳಸಿಕೊಳ್ಳಿ. ಬೆಂಗಳೂರಿನ ಎಪಿಡಿ ಸಂಸ್ಥೆ 1959ರಿಂದ ವಿಕಲಚೇತನರ ಜೊತೆ ಇದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಹತ್ತಿರ ಸೇವಾಧಾಮ ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ನಡೆಯುತ್ತಿದೆ. ಪಕ್ಕದ ತಮಿಳುನಾಡಿನ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾಕ್ಟರ್ ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ತಾವೇ ಬೆನ್ನುಹುರಿ ಪೆಟ್ಟಿಗೆ ಸಿಕ್ಕು, ವೀಲ್‌ಚೇರ್‌ನಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿ, ಪುನರ್ವಸತಿ ವಿಭಾಗ ಕಟ್ಟಿದರು. ಅಲ್ಲಿ ಹಳೆಯ ರೋಗಿಗಳನ್ನೆಲ್ಲ ಕರೆಸಿ ಮೇಳ ನಡೆಸುತ್ತಾರೆ, ಆಟ ಆಡಿಸುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳು ಸೆಪ್ಟೆಂಬರ್ 5ರ ವಿಶ್ವ ಬೆನ್ನುಹುರಿ ಅಪಘಾತ ದಿನದಂದು ಹಾಗೆ ಒಂದು ಮೇಳ ಮಾಡಿದರೆ, ಡಿಸ್ಚಾರ್ಜ್ ಆಗಿ ಮನೆ ಸೇರಿದ ಎಷ್ಟು ಜನ ಹೊರಗೆ ಬರುತ್ತಾರೆ ಅಂತ ನೋಡಿ.

ಊರಿನ ಗೆಳೆಯರಿಗೂ ಒಂದು ಮಾತು. ನಿಮ್ಮ ತಂಡದಲ್ಲಿ ಮೊದಲು ಆಡಿದವನೊಬ್ಬ ಈಗ ಮನೆಯಲ್ಲಿ ಕೂತಿದ್ದರೆ ಅವನನ್ನು ಮೈದಾನಕ್ಕೆ ಕರೆದುಕೊಂಡು ಬನ್ನಿ. ಸ್ಕೋರ್ ಬರೆಯಲಿ, ಅಂಪೈರ್ ಆಗಲಿ, ಹೊಸ ಹುಡುಗರಿಗೆ ಸರ್ವ್ ಹೇಳಿಕೊಡಲಿ. ಪಾಪ ಅನ್ನಬೇಡಿ. ತಪ್ಪು ತೀರ್ಪು ಕೊಟ್ಟರೆ ಜಗಳ ಮಾಡಿ. ಮೈದಾನದ ಅಂಚಿಗೆ ಹೋಗಲು ನಾಲ್ಕು ಬುಟ್ಟಿ ಜಲ್ಲಿ ಹಾಕಿ ಗಟ್ಟಿ ಮಾಡಿದರೆ ಅಷ್ಟೇ ಸಾಕು.

ಕೊನೆಯದಾಗಿ, ದಸರಾ ಕ್ರೀಡಾಕೂಟ. ತಾಲ್ಲೂಕಿನಿಂದ ಶುರುವಾಗಿ ಮೈಸೂರಿನವರೆಗೆ ಹೋಗುವ, ಹಳ್ಳಿಯ ಹುಡುಗರೆಲ್ಲ ಕಾಯುವ ಕೂಟ ಅದು. ಅದರ ಪ್ರತಿ ಹಂತದಲ್ಲೂ ವೀಲ್‌ಚೇರ್ ಓಟ, ಕೂತು ಎಸೆಯುವ ಗುಂಡು ಎಸೆತ, ಬೋಚಾ, ಟೇಬಲ್ ಟೆನಿಸ್ ಇರಲಿ. ಬೇರೆ ದಿನ, ಬೇರೆ ಮೈದಾನ ಬೇಡ. ಅದೇ ದಿನ, ಅದೇ ಪ್ರೇಕ್ಷಕರ ಎದುರು. ಈ ಸಲದ ಸುತ್ತೋಲೆ ಬರೆಯುವ ಮೊದಲು ನಮ್ಮಲ್ಲಿ ನಾಲ್ಕೈದು ಜನರನ್ನು ಕರೆಸಿ ಮಾತಾಡಿಸಿ. ಎಲ್ಲಿಗೆ ಕರೆದರೂ ಬರುತ್ತೇವೆ. ಸಭೆಯನ್ನು ನೆಲಮಹಡಿಯಲ್ಲಿ ಇಡಿ, ಹತ್ತಿರದಲ್ಲಿ ಚೇರ್ ಒಳಗೆ ಹೋಗುವಂಥ ಶೌಚಾಲಯ ಇರಲಿ, ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ